ಮಲೆನಾಡಿನ ಪಹಣಿ, ಬೆಂಗಳೂರಿನ ಸರ್ವರ್

ಕಳೆದ ಎರಡು ದಶಕಗಳಲ್ಲಿ ಕನ್ನಡಕ್ಕೆ ಸದ್ದಿಲ್ಲದೆ ಸೇರಿಕೊಂಡ ಮಾತುಗಳಲ್ಲಿ ‘ಸರ್ವರ್ ಡೌನ್’ ಎಂಬುದಕ್ಕೆ ಅಗ್ರಸ್ಥಾನ ಸಲ್ಲಬೇಕು. ಇಂಗ್ಲಿಷಿನ ಗಂಧವಿಲ್ಲದವರ ಬಾಯಲ್ಲೂ ಅದು ಲೀಲಾಜಾಲವಾಗಿ ಹೊರಳುತ್ತದೆ. ಪಡಿತರ ಅಂಗಡಿಯ ಸಾಲಿನಲ್ಲಿ, ಉಪನೋಂದಣಿ ಕಚೇರಿಯ ಜಗಲಿಯಲ್ಲಿ, ನಾಡಕಚೇರಿಯ ಕಿಟಕಿಯೆದುರು ಈ ಎರಡು ಪದ ಕೇಳಿದವರು ಮರುಮಾತಾಡದೆ ಕೊಡೆ ಬಿಚ್ಚಿ ಬಸ್ ನಿಲ್ದಾಣದತ್ತ ನಡೆಯುತ್ತಾರೆ. ಗುಮಾಸ್ತ ರಜೆಯ ಮೇಲಿದ್ದಾನೆ ಎಂದಿದ್ದರೆ ಜಗಳವಾಡಬಹುದಿತ್ತು, ತಹಶೀಲ್ದಾರರು ಸಭೆಗೆ ಹೋಗಿದ್ದಾರೆ ಎಂದಿದ್ದರೆ ಗೊಣಗಬಹುದಿತ್ತು. ಸರ್ವರ್ ಮೇಲೆ ಸಿಟ್ಟು ಮಾಡಿಕೊಂಡು ಪ್ರಯೋಜನವೇನು? ಅದರ ಮುಖ ಕಂಡವರಿಲ್ಲ, ಅದು ಇರುವ ಊರು ಬಲ್ಲವರೂ ಇಲ್ಲ. ಮಳೆ, ಸಿಡಿಲು, ಗಾಳಿಯಂತೆ ಅದೂ ಒಂದು ದೈವಲೀಲೆ ಎಂದು ಜನ ಒಪ್ಪಿಕೊಂಡುಬಿಟ್ಟಿದ್ದಾರೆ.

ಹಾಗೆ ಒಪ್ಪಿಕೊಳ್ಳಬೇಕಾಗಿಲ್ಲ ಎಂಬುದೇ ಈ ಲೇಖನದ ವಾದ. ಸರ್ವರ್ ಎಲ್ಲಿರಬೇಕು, ಅದರಿಂದ ಹೊರಡುವ ವರದಿಗಳು ಎಲ್ಲಿ ತಯಾರಾಗಬೇಕು, ಅವು ಯಾವ ದಾರಿಯಲ್ಲಿ ಯಾರ ಕೈಗೆ ತಲುಪಬೇಕು ಎಂಬುದನ್ನೆಲ್ಲ ಯಾರೋ ಒಂದು ಕೋಣೆಯಲ್ಲಿ ಕುಳಿತು ತೀರ್ಮಾನಿಸಿರುತ್ತಾರೆ. ತಾಂತ್ರಿಕ ಪರಿಭಾಷೆಯಲ್ಲಿ ಅದಕ್ಕೆ ನಿಯೋಜನಾ ಯೋಜನೆ ಎನ್ನಬಹುದು. ಎಂಜಿನಿಯರುಗಳ ಕಡತದಲ್ಲಿ ಅದು ನಾಲ್ಕಾರು ಚೌಕ, ಹತ್ತಾರು ಬಾಣಗಳ ಒಂದು ನಕ್ಷೆ. ಆದರೆ ಆ ನಕ್ಷೆಯ ಒಂದು ಬಾಣ ಯಾವ ಕಡೆಗೆ ತಿರುಗಿದೆ ಎಂಬುದರ ಮೇಲೆ ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಅಡಿಕೆ ಬೆಳೆಗಾರನೊಬ್ಬನ ಬೆಳೆಸಾಲ, ವಿಮೆ, ಮಗಳ ಶಾಲಾ ಪ್ರಮಾಣಪತ್ರ ನಿಂತಿರುತ್ತದೆ. ಆದ್ದರಿಂದ ಅದನ್ನು ಕೇವಲ ಎಂಜಿನಿಯರುಗಳ ವಿಷಯವೆಂದು ಬಿಟ್ಟುಬಿಡುವುದು ತರವಲ್ಲ.

ಈ ಮೂರು ತಾಲ್ಲೂಕುಗಳನ್ನೇ ಹೆಸರಿಸಲು ಕಾರಣವಿದೆ. ಒಂದೇ ವಿಧಾನಸಭಾ ಕ್ಷೇತ್ರಕ್ಕೆ ಸೇರಿದ, ತುಂಗಾ ಮತ್ತು ಭದ್ರಾ ನದಿಗಳ ಆಸುಪಾಸಿನ ಈ ಸೀಮೆಯಲ್ಲಿ ಊರೆಂದರೆ ಒತ್ತಾಗಿ ಕಟ್ಟಿದ ಬೀದಿಗಳಲ್ಲ. ಗುಡ್ಡದ ಇಳಿಜಾರಿನಲ್ಲಿ ಒಂದು ಮನೆ, ತೋಟ ದಾಟಿ ಮತ್ತೊಂದು ಮನೆ. ಶೃಂಗೇರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಅದೇ ತಾಲ್ಲೂಕಿನ ಕಿಗ್ಗದ ಋಷ್ಯಶೃಂಗೇಶ್ವರನಿಗೆ ಜನ ಮಳೆ ಬರಲೆಂದೂ ಹರಕೆ ಹೊರುತ್ತಾರೆ, ಸಾಕಪ್ಪ ನಿಲ್ಲಲಿ ಎಂದೂ ಹರಕೆ ಹೊರುತ್ತಾರೆ. ಮರ ಬಿದ್ದು ವಿದ್ಯುತ್ ತಂತಿ ಕಡಿದರೆ ಕೆಲವೊಮ್ಮೆ ದಿನಗಟ್ಟಲೆ ಕತ್ತಲೆ. ವಿದ್ಯುತ್ ಹೋದ ಕೆಲವು ಗಂಟೆಗಳಲ್ಲೇ ಮೊಬೈಲ್ ಗೋಪುರವೂ ಮೌನವಾಗುತ್ತದೆ. ರಸ್ತೆ ಅಗಲಿಸುವ ಯಂತ್ರ ಅಗೆದರೆ ನೆಲದಡಿಯ ಕೇಬಲ್ಲೂ ತುಂಡು. ಕೊಪ್ಪದ ಮೇಗುಂದ ಹೋಬಳಿಯಲ್ಲಾಗಲಿ, ನರಸಿಂಹರಾಜಪುರದ ಬಾಳೆಹೊನ್ನೂರಿನಲ್ಲಾಗಲಿ ಇದು ಹೊಸ ಸುದ್ದಿಯಲ್ಲ. ವಿಪರ್ಯಾಸವೆಂದರೆ ಬೆಳೆಸಾಲದ ನವೀಕರಣ, ಅಡಿಕೆ ಮತ್ತು ಕಾಳುಮೆಣಸಿನ ಹವಾಮಾನ ಆಧಾರಿತ ವಿಮೆಯ ನೋಂದಣಿಗಳು ಸಾಮಾನ್ಯವಾಗಿ ನಡೆಯುವುದೂ ಇದೇ ಜೂನ್, ಜುಲೈ ತಿಂಗಳುಗಳಲ್ಲಿ. ಕಾಗದ ಹೆಚ್ಚು ಬೇಕಾದ ಕಾಲವೂ ಸಂಪರ್ಕ ಹೆಚ್ಚು ಕಡಿಯುವ ಕಾಲವೂ ಒಂದೇ.

ಯಂತ್ರ ಎಲ್ಲಿರಬೇಕು ಎಂಬ ಪ್ರಶ್ನೆಗೆ ಕರ್ನಾಟಕದಷ್ಟು ದೀರ್ಘ ಅನುಭವವುಳ್ಳ ರಾಜ್ಯಗಳು ವಿರಳ. ಭೂದಾಖಲೆಗಳ ಗಣಕೀಕರಣ ಇಲ್ಲಿ ಮೊದಲು ಪ್ರಯೋಗಕ್ಕೆ ಬಂದದ್ದು 1991ರಲ್ಲಿ, ಆಗಿನ ಗುಲ್ಬರ್ಗಾ ಜಿಲ್ಲೆಯಲ್ಲಿ. ಆ ಯೋಜನೆಯಲ್ಲಿ ಗಣಕಯಂತ್ರಗಳಿದ್ದದ್ದು ಜಿಲ್ಲಾ ಕೇಂದ್ರದಲ್ಲಿ, ಖಾತೆ ಬದಲಾಗುತ್ತಿದ್ದದ್ದು ತಾಲ್ಲೂಕು ಕಚೇರಿಯಲ್ಲಿ. ಫಲಿತಾಂಶ ಊಹಿಸಬಹುದಾದದ್ದೇ. ಜಿಲ್ಲಾ ಯಂತ್ರದೊಳಗಿನ ಮಾಹಿತಿ ದಿನೇ ದಿನೇ ಹಳಸುತ್ತ ಹೋಯಿತು, ಅದರಿಂದ ಬಂದ ವರದಿಯನ್ನು ಯಾರೂ ನಂಬದಂತಾಯಿತು. ಯಂತ್ರವೂ ತಂತ್ರಾಂಶವೂ ಇದ್ದು, ಅವುಗಳನ್ನು ಇಟ್ಟ ಜಾಗ ತಪ್ಪಿದ್ದರಿಂದಲೇ ಯೋಜನೆ ಸೊರಗಿತು.

‘ಭೂಮಿ’ ಯೋಜನೆ ಆ ಪಾಠವನ್ನು ಕಲಿತೇ ಹುಟ್ಟಿತು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ, ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರ ರೂಪಿಸಿದ ತಂತ್ರಾಂಶದೊಂದಿಗೆ, ಎಸ್.ಎಂ. ಕೃಷ್ಣ ಅವರು ಮುಖ್ಯಮಂತ್ರಿಯಾಗಿದ್ದಾಗ ಅದು ರಾಜ್ಯದಾದ್ಯಂತ ಹಬ್ಬಿತು. 177 ತಾಲ್ಲೂಕುಗಳ ಕಚೇರಿಗಳಲ್ಲಿ ಒಂದೊಂದು ಸರ್ವರ್, ಒಂದೊಂದು ಪಹಣಿ ಕಿಟಕಿ. ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ಪಹಣಿಗಳು ಗ್ರಾಮಲೆಕ್ಕಿಗರ ಚೀಲದಿಂದ ಗಣಕಕ್ಕೆ ವರ್ಗಾವಣೆಯಾದವು. 15 ರೂಪಾಯಿ ಕೊಟ್ಟರೆ ಯಾರ ಪಹಣಿಯನ್ನು ಯಾರು ಬೇಕಾದರೂ ಪಡೆಯಬಹುದಾಯಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಮೊದಲು ಬಂದದ್ದನ್ನು ಮೊದಲು ವಿಲೇವಾರಿ ಮಾಡಬೇಕೆಂಬ ನಿಯಮವನ್ನು ತಂತ್ರಾಂಶವೇ ಹೇರಿತು. ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಹೊಗಬೇಕಾಯಿತು. ಪಹಣಿಗಾಗಿ ಗ್ರಾಮಲೆಕ್ಕಿಗರ ಮನೆ ಬಾಗಿಲು ಕಾಯುತ್ತಿದ್ದ ರೈತನಿಗೆ ಅದು ಸಣ್ಣ ಬಿಡುಗಡೆಯೇನೂ ಆಗಿರಲಿಲ್ಲ.

ಆ ಬಿಡುಗಡೆಯ ಜೊತೆಗೇ ಇನ್ನೊಂದು ನಿರ್ಧಾರವೂ ಬಂತು. ಗಣಕೀಕರಣ ಪೂರ್ಣಗೊಂಡ ತಾಲ್ಲೂಕುಗಳಲ್ಲಿ ಕೈಬರಹದ ಪಹಣಿಯನ್ನು ಸರ್ಕಾರ ಅಮಾನ್ಯಗೊಳಿಸಿತು. ಅದು ಸರಿಯಾದ ನಿರ್ಧಾರವೇ. ಎರಡು ಬಗೆಯ ಪಹಣಿ ಏಕಕಾಲಕ್ಕೆ ಚಲಾವಣೆಯಲ್ಲಿದ್ದರೆ ತಿದ್ದುವ ಕೈಗಳಿಗೆ ಹಬ್ಬ. ಆದರೆ ಅದರ ಒಂದು ಪರಿಣಾಮವನ್ನು ನಾವು ಸಾಕಷ್ಟು ಗಮನಿಸಿದಂತಿಲ್ಲ. ಪರ್ಯಾಯವನ್ನು ಕಾನೂನಿನಿಂದಲೇ ಮುಚ್ಚಿದವನು ಉಳಿಸಿಕೊಂಡ ಒಂದೇ ಬಾಗಿಲನ್ನು ಸದಾ ತೆರೆದಿಡುವ ಹೊಣೆಯನ್ನೂ ಹೊರುತ್ತಾನೆ. ಗ್ರಾಮಲೆಕ್ಕಿಗರು ಊರಿನಲ್ಲಿಲ್ಲದಿದ್ದರೆ ನಾಳೆ ಬಂದಾರು ಎಂದು ಕಾಯಬಹುದಿತ್ತು, ಪಕ್ಕದ ಊರಿನವರೆಗೆ ಹೋಗಿ ಹಿಡಿಯಬಹುದಿತ್ತು. ಗಣಕದ ಪಹಣಿಯೊಂದೇ ಸಿಂಧು ಎಂದ ಮೇಲೆ ಗಣಕ ಕೈಕೊಟ್ಟ ದಿನ ರೈತನ ಬಳಿ ಏನೂ ಉಳಿಯುವುದಿಲ್ಲ. ಆದ್ದರಿಂದ ಮಳೆಗಾಲದಲ್ಲಿಯೂ ಪಹಣಿ ಸಿಗುವಂತೆ ಮಾಡುವುದು ಇಲಾಖೆಯ ಔದಾರ್ಯವಲ್ಲ, ಕೈಬರಹವನ್ನು ರದ್ದು ಮಾಡಿದ ದಿನವೇ ಅದು ಹೊತ್ತುಕೊಂಡ ಸಾಲ.

ಮುಂದಿನ ವರ್ಷಗಳಲ್ಲಿ ಎರಡು ವಿರುದ್ಧ ದಿಕ್ಕಿನ ಚಲನೆಗಳು ಒಟ್ಟಿಗೇ ನಡೆದವು. ಕಿಟಕಿ ಜನರ ಹತ್ತಿರ ಬರುತ್ತ ಹೋಯಿತು. 2006ರ ಹೊತ್ತಿಗೆ ಖಾಸಗಿ ಸಹಭಾಗಿತ್ವದ 800 ‘ನೆಮ್ಮದಿ’ ಕೇಂದ್ರಗಳು ಹೋಬಳಿಗಳಿಗೆ ಬಂದವು. 2012ರಲ್ಲಿ ಅವುಗಳ ಜಾಗಕ್ಕೆ ನಾಡಕಚೇರಿಗಳ ಅಟಲ್‌ಜೀ ಜನಸ್ನೇಹಿ ಕೇಂದ್ರಗಳು, 2016ರಲ್ಲಿ ಗ್ರಾಮ ಪಂಚಾಯಿತಿಗಳ ಬಾಪೂಜಿ ಸೇವಾ ಕೇಂದ್ರಗಳು, 2022ರಲ್ಲಿ ‘ಗ್ರಾಮ ಒನ್’. ಅದೇ ಅವಧಿಯಲ್ಲಿ ದತ್ತಾಂಶ ಜನರಿಂದ ದೂರ ಸರಿಯಿತು. ತಾಲ್ಲೂಕು ಕಚೇರಿಯ ಪೆಟ್ಟಿಗೆಯಲ್ಲಿದ್ದ ಪಹಣಿ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರ ಸೇರಿತು. ಈಗ ಶೃಂಗೇರಿಯ ರೈತ ತನ್ನ ಊರಿನಲ್ಲೇ ಅರ್ಜಿ ಕೊಡುತ್ತಾನೆ. ಅವನ ಕೋರಿಕೆ ಮುನ್ನೂರಕ್ಕೂ ಹೆಚ್ಚು ಕಿಲೋಮೀಟರ್ ಪ್ರಯಾಣ ಮಾಡಿ, ಅಲ್ಲಿ ವರದಿಯಾಗಿ ರೂಪುಗೊಂಡು, ಅಷ್ಟೇ ದೂರ ಹಿಂದಿರುಗಬೇಕು. ನಡುವಿನ ಒಂದು ಕೊಂಡಿ ಕಳಚಿದರೂ ಮನೆ ಪಕ್ಕದ ಕಿಟಕಿ ಬರೀ ಅಲಂಕಾರ.

ಹಾಗೆಂದು ಕೇಂದ್ರೀಕರಣವನ್ನು ಹಳಿಯುವುದು ನ್ಯಾಯವಲ್ಲ. ತಾಲ್ಲೂಕಿಗೊಂದು ಸರ್ವರ್ ಇದ್ದ ಕಾಲದಲ್ಲಿ 177 ಯಂತ್ರಗಳ ಆರೋಗ್ಯ ನೋಡಿಕೊಳ್ಳಬೇಕಿತ್ತು. ತಂತ್ರಾಂಶದ ಒಂದು ತಿದ್ದುಪಡಿ ಬಂದರೆ 177 ಕಡೆ ಅಳವಡಿಸಬೇಕಿತ್ತು. ಯಾವುದೋ ಒಂದು ತಾಲ್ಲೂಕಿನಲ್ಲಿ ಪ್ರತಿ ತೆಗೆದಿಡುವುದನ್ನು ಮರೆತರೆ, ಡಿಸ್ಕ್ ಕೆಟ್ಟ ದಿನ ಹಳ್ಳಿ ಹಳ್ಳಿಗಳ ದಾಖಲೆಯೇ ಅಪಾಯಕ್ಕೆ ಸಿಲುಕುತ್ತಿತ್ತು. ಸ್ಥಳೀಯ ಒತ್ತಡಕ್ಕೆ ಯಂತ್ರದ ಬೀಗದಕೈ ಸಿಗುವ ಸಾಧ್ಯತೆಯೂ ಇತ್ತು. ಎಲ್ಲವೂ ಒಂದೆಡೆ ಬಂದ ಮೇಲೆ ಈ ತಲೆನೋವುಗಳು ಕಡಿಮೆಯಾದವು, ಬ್ಯಾಂಕು ಮತ್ತು ನೋಂದಣಿ ಕಚೇರಿಗಳು ಅದೇ ಮಾಹಿತಿಯನ್ನು ಬಳಸುವುದು ಸಾಧ್ಯವಾಯಿತು. ಅದರೊಟ್ಟಿಗೆ ಒಂದು ಎಚ್ಚರಿಕೆಯೂ ಬಂದಿತ್ತು. ಸಾಲೊಮನ್ ಬೆಂಜಮಿನ್ ಮತ್ತು ಅವರ ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ದಾಖಲೆಯ ನಿಯಂತ್ರಣ ಹಳ್ಳಿಯಿಂದ ಮೇಲಕ್ಕೆ ಸರಿದಂತೆ ಬಲಾಢ್ಯರಿಗೆ ಅದು ಹೆಚ್ಚು ಎಟುಕುವಂತಾಯಿತೆಂದು ಬೆಂಗಳೂರಿನ ಸುತ್ತಲಿನ ಉದಾಹರಣೆಯೊಂದಿಗೆ ವಾದಿಸಿತ್ತು. ಆ ವಾದವನ್ನು ಪೂರ್ತಿ ಒಪ್ಪದವರೂ ಯಂತ್ರದ ಸ್ಥಳಕ್ಕೂ ಅಧಿಕಾರದ ಸ್ಥಳಕ್ಕೂ ನಂಟಿದೆ ಎಂಬುದನ್ನು ಅಲ್ಲಗಳೆಯಲಾರರು.

ಎಲ್ಲ ಮೊಟ್ಟೆಗಳನ್ನೂ ಒಂದೇ ಬುಟ್ಟಿಯಲ್ಲಿಟ್ಟರೆ ಏನಾಗಬಹುದು ಎಂಬುದಕ್ಕೆ ಇತ್ತೀಚಿನ ನಿದರ್ಶನಗಳಿಗೆ ಕೊರತೆಯಿಲ್ಲ. 2025ರ ಆರಂಭದಲ್ಲಿ ಆಸ್ತಿ ನೋಂದಣಿಯ ‘ಕಾವೇರಿ 2.0’ ತಂತ್ರಾಂಶ ತತ್ತರಿಸಿ, ರಾಜ್ಯದ ಉಪನೋಂದಣಿ ಕಚೇರಿಗಳಲ್ಲಿ ಕೆಲಸ ಅಸ್ತವ್ಯಸ್ತವಾಯಿತು. ಹುಸಿ ಕೋರಿಕೆಗಳ ಪ್ರವಾಹ ಹರಿಸಿ ಸರ್ವರನ್ನು ಉಸಿರುಗಟ್ಟಿಸುವ ದುರುದ್ದೇಶದ ದಾಳಿ ನಡೆದಿದೆ ಎಂದು ಸರ್ಕಾರವೇ ಹೇಳಿತು. ಅದೇ ವರ್ಷ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ದೇಜಾನ್ ನಗರದ ಸರ್ಕಾರಿ ದತ್ತಾಂಶ ಕೇಂದ್ರದಲ್ಲಿ ಬ್ಯಾಟರಿಗೆ ಹತ್ತಿದ ಬೆಂಕಿಯಿಂದ ನೂರಾರು ಸರ್ಕಾರಿ ವ್ಯವಸ್ಥೆಗಳು ನಿಂತುಹೋದವು. ಅಧಿಕಾರಿಗಳು ಕಡತಗಳನ್ನು ಇಟ್ಟಿದ್ದ ಒಂದು ಸಂಗ್ರಹಕ್ಕೆ ಬೇರೆಡೆ ಪ್ರತಿಯೇ ಇರಲಿಲ್ಲ. ತಂತ್ರಜ್ಞಾನದಲ್ಲಿ ಜಗತ್ತಿನ ಮುಂಚೂಣಿಯಲ್ಲಿರುವ ದೇಶದ ಕತೆಯಿದು. ಇದಕ್ಕೆ ವ್ಯತಿರಿಕ್ತವಾಗಿ, 2007ರಲ್ಲಿ ದೊಡ್ಡ ಸೈಬರ್ ದಾಳಿಯನ್ನು ಅನುಭವಿಸಿದ ಪುಟ್ಟ ಎಸ್ಟೋನಿಯಾ ತನ್ನ ಮುಖ್ಯ ದಾಖಲೆಗಳ ಪ್ರತಿಯನ್ನು ಲಕ್ಸೆಂಬರ್ಗ್ ದೇಶದಲ್ಲಿ ಇಡಲು 2017ರಲ್ಲಿ ಒಪ್ಪಂದ ಮಾಡಿಕೊಂಡಿತು.

ಹಾಗಾದರೆ ಮತ್ತೆ ತಾಲ್ಲೂಕಿಗೊಂದು ಸರ್ವರ್ ಯುಗಕ್ಕೆ ಮರಳಬೇಕೆ? ಬೇಕಿಲ್ಲ. ವರದಿ ತಯಾರಿಸುವ ತಂತ್ರಾಂಶ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡಿದರೆ ಮಧ್ಯದ ದಾರಿ ಕಾಣುತ್ತದೆ. ಅದರಲ್ಲಿ ಮೂರು ಭಾಗಗಳಿವೆ. ಮೊದಲನೆಯದು ದತ್ತಾಂಶದ ಕಣಜ. ಯಾರ ಹೆಸರಿನಲ್ಲಿ ಎಷ್ಟು ಗುಂಟೆ, ಯಾವ ಸಾಲ, ಯಾವ ಬೆಳೆ ಎಂಬ ಮೂಲ ಮಾಹಿತಿ ಅಲ್ಲಿರುತ್ತದೆ. ಎರಡನೆಯದು ವರದಿ ಯಂತ್ರ. ಕಣಜದಿಂದ ಬೇಕಾದ ಕಾಳನ್ನು ಆರಿಸಿ, ಪಹಣಿಯ ಅಂಕಣಗಳಲ್ಲಿ ಕೂರಿಸಿ, ಅಚ್ಚಿಗೆ ಸಿದ್ಧಗೊಳಿಸುವುದು ಅದರ ಕೆಲಸ. ಮೂರನೆಯದು ವಿತರಣೆ, ಸಿದ್ಧ ವರದಿ ಕಿಟಕಿಗೋ ಮೊಬೈಲಿಗೋ ಬ್ಯಾಂಕಿಗೋ ತಲುಪುವ ದಾರಿ. ಇವು ಮೂರೂ ಒಂದೇ ಯಂತ್ರದಲ್ಲಿರಬೇಕೆಂಬ ನಿಯಮವೇನೂ ಇಲ್ಲ. ದೊಡ್ಡ ಬ್ಯಾಂಕುಗಳು ಮತ್ತು ಉದ್ಯಮಗಳು ಇವುಗಳನ್ನು ಬೇರೆ ಬೇರೆ ಯಂತ್ರಗಳಲ್ಲಿ ಇಡುತ್ತವೆ. ವರದಿ ಯಂತ್ರಗಳನ್ನು ಎರಡು ಮೂರಾಗಿ ಹೆಚ್ಚಿಸಿ ಹೊರೆ ಹಂಚುತ್ತವೆ. ದಿನದ ವಹಿವಾಟು ನಡೆಯುವ ಮೂಲ ಕಣಜಕ್ಕೆ ಕೈಹಾಕದೆ ಅದರ ಪ್ರತಿಯೊಂದರಿಂದ ವರದಿ ತೆಗೆಯುತ್ತವೆ.

ಇದರ ಹಿಂದಿರುವ ತಿಳಿವಳಿಕೆ ಬಹಳ ಸರಳ. ಬರೆಯುವುದು ಬೇರೆ, ಓದುವುದು ಬೇರೆ. ಖಾತೆ ಬದಲಾಯಿಸುವುದು ಬರವಣಿಗೆಯ ಕೆಲಸ. ಅದು ಒಂದೇ ಕಡೆ, ಒಂದೇ ಕ್ರಮದಲ್ಲಿ, ಬಿಗಿ ಕಾವಲಿನಲ್ಲಿ ನಡೆಯಬೇಕು. ಎರಡು ಕಡೆ ಬರೆದರೆ ಒಂದು ಜಮೀನಿಗೆ ಇಬ್ಬರು ಒಡೆಯರಾದಾರು. ಪಹಣಿ ತೆಗೆಯುವುದು ಬರೀ ಓದು. ಹತ್ತು ಕಡೆ ಓದಿದರೂ ಮೂಲಕ್ಕೆ ಧಕ್ಕೆಯಿಲ್ಲ. ಬರವಣಿಗೆಯನ್ನು ರಾಜಧಾನಿಯಲ್ಲಿ ಭದ್ರವಾಗಿಟ್ಟು ಓದನ್ನು ಹೋಬಳಿಗೆ ಹಂಚಲು ಯಾವ ಅಡ್ಡಿಯಿದೆ? ಓದುವವರಿಗೂ ಬರೆಯುವವರಿಗೂ ಒಂದೇ ಕಿರಿದಾದ ಸೇತುವೆ ಕಟ್ಟಿ ಇಬ್ಬರನ್ನೂ ಅದರ ಮೇಲೇ ನೂಕುವುದರಿಂದ ಸೇತುವೆ ಕುಸಿದ ದಿನ ಇಬ್ಬರಿಗೂ ದಾರಿಯಿಲ್ಲದಂತಾಗುತ್ತದೆ.

ಮುಂದಿನ ಪ್ರಶ್ನೆ, ಆ ಓದು ಎಷ್ಟು ತಾಜಾ ಇರಬೇಕು ಎಂಬುದು. ಜಮೀನು ಕ್ರಯಕ್ಕೆ ಪಡೆಯುವವನಿಗೆ ಈ ಕ್ಷಣದ ಸ್ಥಿತಿಯೇ ಬೇಕು. ನಿನ್ನೆ ಸಂಜೆಯ ನಂತರ ಅದರ ಮೇಲೆ ನ್ಯಾಯಾಲಯದ ತಡೆಯಾಜ್ಞೆ ಬಂದಿರಬಹುದು. ಅಲ್ಲಿ ಮೂಲ ಕಣಜವನ್ನೇ ಕೇಳಬೇಕು, ಸಂಪರ್ಕ ಬರುವವರೆಗೆ ಕಾಯಬೇಕು. ಆದರೆ ಬೆಳೆವಿಮೆಗೆ ಅರ್ಜಿ ಹಾಕುವವನಿಗೆ, ಸಹಕಾರ ಸಂಘದಲ್ಲಿ ಸಾಲ ನವೀಕರಿಸುವವನಿಗೆ, ಕೃಷಿ ಇಲಾಖೆಯ ಸಹಾಯಧನ ಕೇಳುವವನಿಗೆ ನಿನ್ನೆ ಸಂಜೆಯ ಪಹಣಿ ಏಕೆ ಸಾಲದು? ‘ನಿನ್ನೆ ಸಂಜೆ 6 ಗಂಟೆಗೆ ಇದ್ದಂತೆ’ ಎಂಬ ಒಂದು ಸಾಲು, ಸಾಚಾತನ ಪರೀಕ್ಷಿಸಲು ಒಂದು ಡಿಜಿಟಲ್ ಸಹಿ ಅದರ ಮೇಲಿದ್ದರೆ ಸಾಕು. ಯಾವ ಕೆಲಸಕ್ಕೆ ತತ್‌ಕ್ಷಣದ ವರದಿ ಬೇಕು, ಯಾವುದಕ್ಕೆ ಒಂದು ದಿನದ ಹಿಂದಿನದು ನಡೆದೀತು ಎಂಬ ಪಟ್ಟಿ ಮಾಡುವುದೇ ನಿಯೋಜನೆಯ ಮೊದಲ ಹೆಜ್ಜೆ. ಇಂಥ ಪಟ್ಟಿಗೆ ಗಣಕ ತಜ್ಞನಿಗಿಂತ ಕಂದಾಯ ನಿರೀಕ್ಷಕ, ಸಹಕಾರ ಸಂಘದ ಕಾರ್ಯದರ್ಶಿ ಮತ್ತು ರೈತ ಹೆಚ್ಚು ಬೇಕು. ಯಂತ್ರ ಕೊಳ್ಳುವ ಟೆಂಡರು ಅದರ ನಂತರದ ಮಾತು.

ಇದು ಅಸಾಧ್ಯವಾದ ಖರ್ಚಿನ ಬಾಬತ್ತೂ ಅಲ್ಲ. ಒಂದು ಪಹಣಿಯ ಅಕ್ಷರಗಳಿಗೆ ಧಾರಾಳವಾಗಿ ಹತ್ತು ಕಿಲೋಬೈಟ್ ಜಾಗ ಹಿಡಿಯುತ್ತದೆಂದು ಲೆಕ್ಕ ಹಾಕೋಣ. ಒಂದು ಲಕ್ಷ ಪಹಣಿಗೆ ಒಂದು ಗಿಗಾಬೈಟ್ ಆಯಿತು. ಅಂದರೆ ಒಂದು ಮಲೆನಾಡು ತಾಲ್ಲೂಕಿನ ಪಹಣಿಗಳನ್ನೆಲ್ಲ ಶಾಲಾ ಬಾಲಕನ ಜೇಬಿನ ಪೆನ್‌ಡ್ರೈವ್ ನುಂಗಿ ನೀರು ಕುಡಿಯಬಲ್ಲದು. ರಾಜ್ಯದ 2 ಕೋಟಿ ಪಹಣಿಗಳೇ ಆದರೂ 200 ಗಿಗಾಬೈಟ್ ಮೀರುವುದಿಲ್ಲ. ಮೊದಲ ಬಾರಿ ಇಡೀ ಪ್ರತಿ ಕಳಿಸಿದ ಮೇಲೆ, ಪ್ರತಿರಾತ್ರಿ ಬದಲಾದ ಪಹಣಿಗಳನ್ನಷ್ಟೇ ಕಳಿಸಿದರೆ ಸಾಕು. ಸಪೂರ ದಾರದಂಥ ಸಂಪರ್ಕದಲ್ಲೂ ಅದು ಕೆಲವೇ ನಿಮಿಷಗಳ ಕೆಲಸ. ಒಂದು ರಾತ್ರಿ ತಪ್ಪಿದರೆ ಮರುರಾತ್ರಿ ಎರಡೂ ದಿನದ್ದು ಬಂದೀತು. ಹೋಬಳಿಯಲ್ಲಿ ಬೇಕಾದದ್ದು ಒಂದು ಸಾಧಾರಣ ಗಣಕಯಂತ್ರ, ಒಂದು ಮುದ್ರಕ, ಒಂದು ದಿನ ತಡೆಯುವ ಬ್ಯಾಟರಿ.

ಹೀಗೆ ಮೊದಲೇ ಕಳುಹಿಸಿಡುವುದಕ್ಕೂ ಬೇಕೆಂದಾಗ ಕೇಳಿ ತರಿಸುವುದಕ್ಕೂ ಎಷ್ಟು ವ್ಯತ್ಯಾಸವಿದೆ ಎಂಬುದನ್ನು ತೋರಿಸುವ ಅಪೂರ್ವ ನಿದರ್ಶನ ಇದೇ ಸೀಮೆಯಲ್ಲಿದೆ. 1916ರಲ್ಲಿ ಮೈಸೂರಿನ ಪುರಾತತ್ತ್ವ ಇಲಾಖೆಯ ನಿರ್ದೇಶಕ ಆರ್. ನರಸಿಂಹಾಚಾರ್ಯರು ಶೃಂಗೇರಿ ಮಠದ ದಾಖಲೆಗಳ ನಡುವೆ ಟಿಪ್ಪು ಸುಲ್ತಾನನ ಕನ್ನಡ ಪತ್ರಗಳ ಕಟ್ಟೊಂದನ್ನು ಗುರುತಿಸಿದರು. ಪತ್ರ ಹೊರಟ ರಾಜಧಾನಿ ಶ್ರೀರಂಗಪಟ್ಟಣ 1799ರಲ್ಲಿ ಪತನವಾಯಿತು, ಪತ್ರ ತಲುಪಿದ ಮಲೆನಾಡಿನ ಮೂಲೆಯಲ್ಲಿ ಅವು ಒಂದು ಶತಮಾನಕ್ಕೂ ಹೆಚ್ಚು ಕಾಲ ಉಳಿದು ಇತಿಹಾಸಕಾರರ ಕೈ ಸೇರಿದವು. ಹುಣಿಸೆ ಬೀಜದ ಅಂಟು ಮತ್ತು ಇದ್ದಿಲು ಬಳಿದ ಬಟ್ಟೆಯ ಮೇಲೆ ಬಳಪದಿಂದ ಬರೆದ ಕಡಿತಗಳೂ ಆ ಮಠದಲ್ಲಿವೆ. ನಮ್ಮ ಇಂದಿನ ‘ಕಡತ’ವೂ ಅದೇ ಮಾತಿನ ಇನ್ನೊಂದು ರೂಪ. ದಾಖಲೆಯ ಒಂದು ಪ್ರತಿ ಅದು ಸಂಬಂಧಪಟ್ಟವರ ಊರಿನಲ್ಲೇ ಇರಬೇಕು ಎಂಬುದು ಹಳೆಯ ಕಾಲದವರಿಗೆ ಹೇಳಿಕೊಡಬೇಕಾದ ಪಾಠವಾಗಿರಲಿಲ್ಲ. ಗಣಕಯುಗದಲ್ಲಿ ನಾವು ಅದನ್ನು ಮರೆತೆವು, ಅಷ್ಟೆ.

ಇದಕ್ಕೆ ಬರುವ ಆಕ್ಷೇಪಗಳು ಹಗುರವಾದವಲ್ಲ. ಮೊದಲನೆಯದು ಗೋಪ್ಯತೆಯದು. 2024ರಲ್ಲಿ ಪಹಣಿಗೆ ಆಧಾರ್ ಜೋಡಿಸುವ ಅಭಿಯಾನ ನಡೆದಿದೆ, 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಬಂದಿದೆ. ಪ್ರತಿಗಳು ಹೆಚ್ಚಿದಷ್ಟೂ ಸೋರುವ ರಂಧ್ರಗಳು ಹೆಚ್ಚುತ್ತವೆ. ನಿಜ. ಆದ್ದರಿಂದಲೇ ಹೋಬಳಿಗೆ ಹೋಗುವ ಪ್ರತಿಯಲ್ಲಿ ಆಧಾರ್ ಸಂಖ್ಯೆ ಇರಲೇಬಾರದು. ಹಣ ಕೊಟ್ಟವರಿಗೆಲ್ಲ ಸಿಗುವ ಪಹಣಿಯಲ್ಲಿ ಏನಿರುತ್ತದೆಯೋ ಅಷ್ಟು ಮಾತ್ರ ಇರಬೇಕು, ಅದೂ ಗೂಢಲಿಪಿಯಲ್ಲಿ. ಯಾರು, ಯಾವಾಗ, ಯಾವ ಪಹಣಿ ಮುದ್ರಿಸಿದರು ಎಂಬ ಲೆಕ್ಕ ಸಂಪರ್ಕ ಬಂದೊಡನೆ ಮೂಲಕ್ಕೆ ತಲುಪಬೇಕು. ಎರಡನೆಯ ಆಕ್ಷೇಪ ವಂಚನೆಯದು. ಸ್ಥಳೀಯ ಪ್ರತಿಯನ್ನು ತಿದ್ದಿದರೆ? ಪ್ರತಿ ಪಹಣಿಗೂ ಮೂಲದಲ್ಲೇ ಡಿಜಿಟಲ್ ಸಹಿ ಬಿದ್ದು ಬಂದರೆ, ಒಂದಕ್ಷರ ತಿದ್ದಿದರೂ ಸಹಿ ಮುರಿಯುತ್ತದೆ. ತಿದ್ದುಪಡಿ ನಡೆಯುವ ಅಧಿಕಾರ ಕೆಳಗೆ ಬರುವುದಿಲ್ಲ, ಓದಿಸುವ ಸೌಲಭ್ಯ ಮಾತ್ರ ಬರುತ್ತದೆ.

ಮೂರನೆಯದು, ಸಂಪರ್ಕ ಹೇಗೂ ಸುಧಾರಿಸುತ್ತಿದೆಯಲ್ಲ ಎಂಬ ಆಶಾವಾದ. ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಒಯ್ಯುವ ಯೋಜನೆಗೆ ಕೇಂದ್ರದ ಒಪ್ಪಿಗೆ ಸಿಕ್ಕಿದ್ದು 2011ರಲ್ಲಿ, ಅದಕ್ಕೆ ‘ಭಾರತ್‌ನೆಟ್’ ಎಂಬ ಹೊಸ ಹೆಸರು ಬಂದದ್ದು 2015ರಲ್ಲಿ. ಫೈಬರ್ ಬರಲಿ, ಅದು ಬೇಕೇ ಬೇಕು. ಆದರೆ ಗಾಳಿಗೆ ಮರ ಬೀಳುವುದನ್ನು ಫೈಬರ್ ತಡೆಯದು. 2019ರ ಆಗಸ್ಟ್‌ನಲ್ಲಿ ಇದೇ ಜಿಲ್ಲೆಯ ಚಾರ್ಮಾಡಿ ಘಾಟಿ ಕುಸಿದು ರಸ್ತೆಯೇ ಮುಚ್ಚಿದ್ದನ್ನು ನೆನೆಯಬೇಕು. ರಸ್ತೆ ಹೋಗುವ ಜಾಗದಲ್ಲಿ ಅದರ ಬದಿಯ ಕೇಬಲ್ ಉಳಿದೀತೆ? ಸರಾಸರಿ ದಿನವನ್ನು ನೋಡಿ ಮಾಡಿದ ಯೋಜನೆ ಸರಾಸರಿ ಊರಿಗೆ ಸಾಕು. ಮಲೆನಾಡಿಗೆ ಬೇಕಾದದ್ದು ಜುಲೈ ತಿಂಗಳ ಅತಿ ಕೆಟ್ಟ ದಿನವನ್ನು ಮುಂದಿಟ್ಟುಕೊಂಡು ಮಾಡಿದ ಯೋಜನೆ.

ತಂತ್ರಾಂಶದ ಆಯ್ಕೆಯಲ್ಲೂ ಎರಡು ಎಚ್ಚರಗಳು ಅಗತ್ಯ. ಉದ್ಯಮಗಳಿಗೆಂದು ಮಾರುವ ವರದಿ ತಂತ್ರಾಂಶಗಳ ಪರವಾನಗಿ ಶುಲ್ಕ ಅನೇಕ ವೇಳೆ ಯಂತ್ರದ ಸಂಸ್ಕಾರಕಗಳ ಲೆಕ್ಕದಲ್ಲೋ ಬಳಕೆದಾರರ ಲೆಕ್ಕದಲ್ಲೋ ನಿಗದಿಯಾಗುತ್ತದೆ. ಯಂತ್ರಗಳು ಹೆಚ್ಚಿದಂತೆ ಶುಲ್ಕವೂ ಏರುವುದರಿಂದ ಕೇಂದ್ರೀಕರಣದತ್ತ ಅದು ತಾನಾಗಿ ನೂಕುತ್ತದೆ. ಮೈಕ್ರೋಸಾಫ್ಟ್ ಕಂಪನಿ 2004ರಲ್ಲಿ ಬಿಡುಗಡೆ ಮಾಡಿದ ‘ರಿಪೋರ್ಟಿಂಗ್ ಸರ್ವೀಸಸ್’ ತಂತ್ರಾಂಶದ ಹೊಸ ಆವೃತ್ತಿಗಳು ಇನ್ನು ಬರುವುದಿಲ್ಲ ಎಂದು 2025ರಲ್ಲಿ ತಾನೇ ಪ್ರಕಟಿಸಿ, ಬಳಕೆದಾರರಿಗೆ ಬೇರೆ ಉತ್ಪನ್ನವನ್ನು ತೋರಿಸಿತು. ಒಂದು ತಂತ್ರಾಂಶದ ಆಯುಸ್ಸು ಸಾಮಾನ್ಯವಾಗಿ ಒಂದೆರಡು ದಶಕ, ಅಡಿಕೆ ಮರದ್ದು ಅದಕ್ಕಿಂತ ಹೆಚ್ಚು, ಪಹಣಿಯದಂತೂ ತಲೆಮಾರುಗಳದ್ದು. ಆದ್ದರಿಂದ ಸಾರ್ವಜನಿಕ ದಾಖಲೆಯ ವರದಿಗಳು ಮುಕ್ತ ತಂತ್ರಾಂಶದಲ್ಲಿ, ಯಾರು ಬೇಕಾದರೂ ಓದಬಲ್ಲ ರೂಪದಲ್ಲಿ ಇರುವುದು ಕ್ಷೇಮ.

ಎರಡನೆಯದು ಭಾಷೆಯದು. ಕನ್ನಡವನ್ನು ಪರದೆಯ ಮೇಲೆ ಸರಿಯಾಗಿ ತೋರಿಸುವ ತಂತ್ರಾಂಶಗಳೂ ಮುದ್ರಿಸುವಾಗ ಒತ್ತಕ್ಷರಗಳನ್ನು ಒಡೆಯುವುದುಂಟು. ಹೆಸರಿನಲ್ಲಿ ಒಂದು ಒತ್ತು ಜಾರಿದರೆ ಬ್ಯಾಂಕಿನವರು ಇದು ನೀವಲ್ಲ ಎನ್ನುತ್ತಾರೆ. ಯಾವುದೇ ವರದಿ ತಂತ್ರಾಂಶವನ್ನು ಕೊಳ್ಳುವ ಮೊದಲು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಎಂಬ ಮೂರು ಹೆಸರುಗಳನ್ನು ಮುದ್ರಿಸಿ ತೋರಿಸಿ ಎಂದರೆ ಸಾಕು. ಮೊದಲನೆಯದು ಒತ್ತಕ್ಷರವನ್ನು ಪರೀಕ್ಷಿಸುತ್ತದೆ, ಎರಡನೆಯದು ಋಕಾರ ಮತ್ತು ಅನುಸ್ವಾರವನ್ನು, ಮೂರನೆಯದು ಅಂಕಣದ ಅಗಲವನ್ನು!

ಈ ಅಂಕಣದ ಓದುಗರಲ್ಲಿ ಅನೇಕರು ಮಲೆನಾಡಿನ ಮಕ್ಕಳು. ಊರಿನ ತೋಟದ ಪಹಣಿಯನ್ನು ಜಯನಗರದಲ್ಲೋ ಮಲ್ಲೇಶ್ವರದಲ್ಲೋ ಕುಳಿತು ಎರಡು ನಿಮಿಷದಲ್ಲಿ ಇಳಿಸಿಕೊಳ್ಳುವ ಅನುಕೂಲ ಅವರಿಗಿದೆ. ಆ ತೋಟದಲ್ಲೇ ಬದುಕುವ ತಂದೆತಾಯಿಗೆ ಅದೇ ಕಾಗದ ಎರಡು ದಿನವಾದರೂ ಸಿಗದಿರಬಹುದು. ಹೊಲಕ್ಕೆ ಹತ್ತಿರವಿರುವವರಿಗೆ ದಾಖಲೆ ದೂರ, ಹೊಲದಿಂದ ದೂರವಿರುವವರಿಗೆ ದಾಖಲೆ ಹತ್ತಿರ ಎಂಬ ಈ ತಲೆಕೆಳಗಾದ ಸ್ಥಿತಿ ಯಾರೂ ಬೇಕೆಂದು ಮಾಡಿದ್ದಲ್ಲ. ನಕ್ಷೆ ಬರೆಯುವಾಗ ಸಂಪರ್ಕ ಎಂದೂ ಕಡಿಯದು ಎಂದು ಭಾವಿಸಿದ್ದರ ಫಲ ಅದು.

ಕಂದಾಯ ಇಲಾಖೆ ರಾಜ್ಯದಾದ್ಯಂತ ಒಮ್ಮೆಲೇ ಬದಲಾವಣೆ ಮಾಡಬೇಕಿಲ್ಲ. ಪಕ್ಕಪಕ್ಕದಲ್ಲಿರುವ, ಬೆರಳೆಣಿಕೆಯ ಹೋಬಳಿಗಳಿರುವ ಈ ಮೂರು ತಾಲ್ಲೂಕುಗಳಲ್ಲಿ ಒಂದು ಮಳೆಗಾಲದ ಮಟ್ಟಿಗೆ ಪ್ರಯೋಗ ಮಾಡಿ ನೋಡಲಿ. ದಿನದ ಪ್ರತಿಯನ್ನು ಹೋಬಳಿಗಳಲ್ಲಿ ಇರಿಸಲಿ. ಹಿಂದಿನ ದಿನದ ಪಹಣಿಯನ್ನು ಯಾವ ಯಾವ ಕೆಲಸಕ್ಕೆ ಒಪ್ಪಿಕೊಳ್ಳಬೇಕೆಂಬ ಸುತ್ತೋಲೆಯನ್ನು ಬ್ಯಾಂಕುಗಳಿಗೆ, ಸಹಕಾರ ಸಂಘಗಳಿಗೆ ಕಳಿಸಲಿ. ಪ್ರತಿ ಕಿಟಕಿ ದಿನಕ್ಕೆ ಎಷ್ಟು ಹೊತ್ತು ಮುಚ್ಚಿತ್ತು, ಎಷ್ಟು ಜನ ಬರಿಗೈಲಿ ಮರಳಿದರು ಎಂಬುದನ್ನು ಕಚೇರಿಯ ಗೋಡೆಯ ಮೇಲೆ ಬರೆಯಲಿ. ಅಷ್ಟು ಬಗೆಯ ವರದಿಗಳನ್ನು ಹೊರಡಿಸುವ ವ್ಯವಸ್ಥೆ ತನ್ನ ಬಗ್ಗೆಯೇ ಒಂದು ವರದಿ ಕೊಡುವುದು ಕಷ್ಟವೇನಲ್ಲ. ಮುಂದಿನ ಬಾರಿ ಬಾಳೆಹೊನ್ನೂರಿನಲ್ಲೋ ಕಿಗ್ಗದಲ್ಲೋ ಯಾರಾದರೂ ‘ಸರ್ವರ್ ಡೌನ್’ ಎಂದಾಗ, ‘ಇರಲಿ, ನಿನ್ನೆಯದು ಕೊಡಿ’ ಎಂದು ರೈತ ಹೇಳುವಂತಾದರೆ ಇ-ಆಡಳಿತ ಮಲೆನಾಡನ್ನು ತಲುಪಿತೆಂದು ಒಪ್ಪಿಕೊಳ್ಳಬಹುದು.